ಮಂಡಿಬಾವಿನ ಪತ್ತೆಯಲ್ಲಿ ಅಲ್ಟ್ರಾಸೌಂಡ್

ಸಂಧಿವಾತದಿಂದ ಊದಿದ ಮಂಡಿಯೊಳಗೆ ಉರಿಯೂತ ಎಷ್ಟಿದೆ ಎಂದು ಶ್ರವಣಾತೀತ ತರಂಗಗಳಿಂದ ನೋಡುವ ವಿಧಾನ. ಎಕ್ಸ್‌ರೇಗೆ ಮೂಳೆಯ ಸವೆತ ಕಾಣುತ್ತದೆ. ಕೀಲಿನ ಒಳಪೊರೆ ಕೆರಳಿರುವುದು ಕಾಣುವುದಿಲ್ಲ.

ಆಸ್ಟ್ರಿಯಾ ಮೂಲದ ಕಾರ್ಲ್ ಡುಸಿಕ್ 1958ರಲ್ಲಿ ಕೀಲಿನ ಅಂಗಾಂಶಗಳು ಶಬ್ದವನ್ನು ಎಷ್ಟು ಹೀರುತ್ತವೆ ಎಂದು ಅಳೆದರು. ರೋಗಿಯ ಹಾಸಿಗೆಯ ಬಳಿ ಅದರಿಂದ ಆಗ ಉಪಯೋಗವೇನೂ ಆಗಲಿಲ್ಲ. 1972ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಲಿಯೊಪೋಲ್ಡ್ ಮಂಡಿಯ ಹಿಂಬದಿಯ ಬೇಕರ್ ನೀರುಗುಳ್ಳೆಯನ್ನೂ ಕಾಲಿನ ರಕ್ತನಾಳದ ಹೆಪ್ಪನ್ನೂ ಬೇರೆಬೇರೆಯಾಗಿ ಗುರುತಿಸಿದರು. ಎರಡರಲ್ಲೂ ಮೀನಖಂಡ ಊದಿ ನೋಯುತ್ತದೆ, ಔಷಧ ಮಾತ್ರ ಬೇರೆ. ಹಾಗಾಗಿ ಈ ವಿಧಾನದ ನಿಜವಾದ ಆರಂಭ ಇದೇ ಎನ್ನಬಹುದು. 1978ರಲ್ಲಿ ಕೂಪರ್‌ಬರ್ಗ್ ಮತ್ತು ಸಂಗಡಿಗರು ರುಮಟಾಯ್ಡ್ ಸಂಧಿವಾತದ ಮಂಡಿಗಳಲ್ಲಿ ತುಂಬಿದ ನೀರನ್ನೂ ದಪ್ಪಗಾದ ಒಳಪೊರೆಯನ್ನೂ ಕಂಡರು.

ದಪ್ಪಗಾದ ಪೊರೆಯೆಲ್ಲ ಕೆರಳಿದ ಪೊರೆಯಲ್ಲ. ಹಳೆಯ ರೋಗದ ಗುರುತೂ ಆಗಿರಬಹುದು. ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು ಪವರ್ ಡಾಪ್ಲರ್. ಸಣ್ಣ ನಾಳಗಳಲ್ಲಿ ನಿಧಾನವಾಗಿ ಹರಿಯುವ ರಕ್ತವನ್ನು ಬಣ್ಣವಾಗಿ ತೋರಿಸುವ ಈ ತಂತ್ರ 1994ರಲ್ಲಿ ಬಳಕೆಗೆ ಬಂತು. ಪರೀಕ್ಷೆಯಲ್ಲಿ ಮಂಡಿಯನ್ನು ಸುಮಾರು 30 ಡಿಗ್ರಿ ಮಡಿಸಿ, ಜೆಲ್ ಸವರಿ, ಮಂಡಿಚಿಪ್ಪಿನ ಮೇಲ್ಗಡೆ ಪ್ರೋಬ್ ಇಡುತ್ತಾರೆ. ನೀರು ಕಪ್ಪಾಗಿ ಕಂಡು, ಒತ್ತಿದರೆ ಸರಿದುಹೋಗುತ್ತದೆ. ಪೊರೆ ಬೂದುಬಣ್ಣದಲ್ಲಿ ಕಂಡು ಅಲ್ಲೇ ನಿಲ್ಲುತ್ತದೆ. ಡಾಪ್ಲರ್ ಹಾಕಿದಾಗ ಕೈ ಹಗುರವಾಗಿರಬೇಕು. ಬಿಗಿಯಾಗಿ ಒತ್ತಿದರೆ ನಾಳಗಳು ಮುಚ್ಚಿ ಬಣ್ಣ ಮಾಯವಾಗುತ್ತದೆ, ಬಾವಿದ್ದರೂ ಇಲ್ಲವೆಂದು ವರದಿ ಬರೆಯುವಂತಾಗುತ್ತದೆ. ಇಂಥ ಕೈಗುಣದ ವ್ಯತ್ಯಾಸ ತಗ್ಗಿಸಲು ಸಂಧಿವಾತ ಸಂಶೋಧಕರ ಅಂತರರಾಷ್ಟ್ರೀಯ ಒಮೆರಾಕ್ಟ್ ತಂಡ 2005ರಲ್ಲಿ ಒಮ್ಮತದ ವ್ಯಾಖ್ಯೆಗಳನ್ನು ಪ್ರಕಟಿಸಿತು.

ಭಾರತದಲ್ಲಿ ಅಲ್ಟ್ರಾಸೌಂಡ್ ಯಂತ್ರದ ಕಥೆಗೆ ಕಾನೂನೂ ಸೇರಿಕೊಂಡಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ 1996ರಲ್ಲಿ ಜಾರಿಗೆ ಬಂದು, 2003ರ ತಿದ್ದುಪಡಿಯಿಂದ ಬಿಗಿಯಾಯಿತು. ಸ್ಕ್ಯಾನಿಂಗ್ ಕೇಂದ್ರಗಳು ನೋಂದಣಿಯಾಗಲೇಬೇಕು, ಯಂತ್ರವನ್ನು ಮನಬಂದಂತೆ ಊರೂರಿಗೆ ಒಯ್ಯುವಂತಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂಥ ಕಡೆ ಸ್ಕ್ಯಾನಿಂಗ್ ಎಂದರೆ ಈಗಲೂ ಬಸುರಿಯರದು ಎಂಬ ಭಾವನೆಯೇ ಹೆಚ್ಚು. ಮಂಡಿನೋವಿನ ಅಜ್ಜಿಯೂ ಲಿಂಗಪತ್ತೆ ಮಾಡುವುದಿಲ್ಲ ಎಂಬ ಫಲಕದ ಕೆಳಗೇ ಸರದಿ ಕಾಯಬೇಕು. ಹಾಗೆಂದು ಕೀಲುನೋವಿನವರು ಕಡಿಮೆಯೇನಲ್ಲ. 2006ರ ಚಿಕೂನ್‌ಗುನ್ಯಾ ಹಾವಳಿಯಲ್ಲಿ ಕರ್ನಾಟಕವೊಂದರಲ್ಲೇ 7.5 ಲಕ್ಷ ಶಂಕಿತ ಪ್ರಕರಣ ದಾಖಲಾದವು. ಜ್ವರ ಬಿಟ್ಟ ಮೇಲೂ ಎಷ್ಟೋ ಜನರಿಗೆ ಕೀಲುನೋವು ತಿಂಗಳುಗಟ್ಟಲೆ ಬಿಡಲಿಲ್ಲ.

ವಯಸ್ಸಿನ ಸವಕಲು ಎಂದು ತಳ್ಳಿಹಾಕುವ ಮಂಡಿಗಳಲ್ಲೂ ಅಲ್ಟ್ರಾಸೌಂಡ್ ಉರಿಯೂತವನ್ನು ತೋರಿಸಿದೆ. ಆದರೆ ತರಂಗಗಳು ಮೂಳೆಯನ್ನು ದಾಟವು. ಕೀಲಿನ ಆಳದ ಅಸ್ಥಿರಜ್ಜುಗಳನ್ನು ನೋಡಲು ಎಂಆರ್‌ಐ ಬೇಕು.