ಹಿಮ ಬೀಳದ ಹುಬ್ಬಳ್ಳಿ-ಧಾರವಾಡದಲ್ಲಿ ಕಾರಿಗೆ ಕೂಲಂಟ್ ಬೇಕೇ? ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಕಾರಿನ ಕೂಲಂಟ್ ಬಗ್ಗೆ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು ಬಗೆಯವು “ಕೂಲಂಟ್ ಇರುವುದು ಹಿಮ ಬೀಳುವ ದೇಶಗಳಿಗೆ, ನಮ್ಮ ಕಡೆ ನೀರು ಸಾಕು” ಎನ್ನುತ್ತವೆ. ಇನ್ನೊಂದು ಬಗೆಯವು “ಪ್ರತಿ ಸರ್ವಿಸ್‌ಗೂ ಕೂಲಂಟ್ ಬದಲಿಸದಿದ್ದರೆ ಎಂಜಿನ್ ಸೀಜ್ ಆಗುತ್ತದೆ” ಎಂದು ಹೆದರಿಸುತ್ತವೆ. ಮೊದಲನೆಯದನ್ನು ನಂಬಿದರೆ ಎಂಜಿನ್ ಹಾಳಾಗಬಹುದು, ಎರಡನೆಯದನ್ನು ನಂಬಿದರೆ ದುಡ್ಡು ಹಾಳು. ಇವೆರಡರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಇಲ್ಲಿ ನೋಡೋಣ.

ಚುಟುಕು ಉತ್ತರ

ಕೂಲಂಟ್ ನಮ್ಮೂರಿಗೂ ಬೇಕು. ಹಳೆಯ ಬಗೆಯ ಕೂಲಂಟ್ ಆದರೆ ಸುಮಾರು 2 ವರ್ಷ ಅಥವಾ 40,000 ಕಿ.ಮೀ.ಗೊಮ್ಮೆ ಬದಲಿಸಬೇಕು. ದೀರ್ಘ ಬಾಳಿಕೆಯ ಕೂಲಂಟ್ ಆದರೆ 5 ವರ್ಷ ಅಥವಾ ಅದಕ್ಕೂ ಹೆಚ್ಚು ಬರುತ್ತದೆ. ನಿಮ್ಮ ಕಾರಿಗೆ ಯಾವುದು ಎಂಬುದು ಕಾರಿನ ಜೊತೆ ಕೊಟ್ಟ ಮ್ಯಾನ್ಯುಯಲ್‌ನಲ್ಲಿ ಇದೆ. ಅದೇ ಕೊನೆಯ ಮಾತು.

ಕೂಲಂಟ್ ಎಂದರೆ ಏನು?

ಎಥಿಲೀನ್ ಗ್ಲೈಕಾಲ್ ಎಂಬ ದ್ರವ, ಶುದ್ಧ ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕಗಳು ಸೇರಿದ ಮಿಶ್ರಣವೇ ಕೂಲಂಟ್. ಎಂಜಿನ್ನಿನ ಶಾಖವನ್ನು ಹೀರಿಕೊಂಡು ರೇಡಿಯೇಟರ್‌ಗೆ ಒಯ್ಯುವುದು, ಅಲ್ಲಿ ಗಾಳಿಗೆ ತಣ್ಣಗಾಗಿ ಮರಳಿ ಬರುವುದು ಅದರ ಕೆಲಸ. ಗ್ಲೈಕಾಲ್ ಸೇರಿಸಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 35 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೂ ದ್ರವವಾಗಿಯೇ ಇರುತ್ತದೆ. ಇದಕ್ಕೆ ‘ಆ್ಯಂಟಿಫ್ರೀಜ್’ ಎಂಬ ಹೆಸರು ಬಂದಿದ್ದೂ ಇದರಿಂದಲೇ. ಗೊಂದಲ ಹುಟ್ಟಿದ್ದೂ ಈ ಹೆಸರಿನಿಂದಲೇ.

ನಂಬಿಕೆ 1: ಹಿಮ ಬೀಳದ ಊರಿಗೆ ಕೂಲಂಟ್ ಬೇಡ

ಇದು ತಪ್ಪು. ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಕೂಲಂಟ್‌ನ ಮೂರು ಕೆಲಸಗಳಲ್ಲಿ ಒಂದು ಮಾತ್ರ. ಉಳಿದ ಎರಡು ನಮಗೆ ಮುಖ್ಯ.

ಒಂದು, ಕುದಿಯುವ ಬಿಂದು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್, ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಾದಂತೆ ನೀರು ಬೇಗ ಕುದಿಯುತ್ತದೆ. ನಮ್ಮಲ್ಲಿ ತೆರೆದ ಪಾತ್ರೆಯ ನೀರು 100ಕ್ಕೆ ಬದಲು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವುದೇ 90 ಡಿಗ್ರಿಯ ಹತ್ತಿರ. ಪ್ರೆಶರ್ ಕುಕ್ಕರ್‌ನಂತೆ ರೇಡಿಯೇಟರ್ ಕ್ಯಾಪ್ ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ ಬರೀ ನೀರು ಕೂಡ 118-120 ಡಿಗ್ರಿವರೆಗೆ ಕುದಿಯದೆ ಇರಬಲ್ಲದು. ಅರ್ಧ ಗ್ಲೈಕಾಲ್ ಇದ್ದರೆ ಅದಕ್ಕೂ 7-8 ಡಿಗ್ರಿ ಮೇಲೆ ತಾಳುತ್ತದೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಕಡೆಗೆ ತುಂಬಿದ ಕಾರಿನಲ್ಲಿ ಬರುವಾಗ, ಇಲ್ಲವೇ ಏಪ್ರಿಲ್ ಮಧ್ಯಾಹ್ನ ಎಸಿ ಹಾಕಿಕೊಂಡು ಚನ್ನಮ್ಮ ವೃತ್ತದ ದಟ್ಟಣೆಯಲ್ಲಿ ನಿಂತಾಗ ಈ 7-8 ಡಿಗ್ರಿ ಕೆಲಸಕ್ಕೆ ಬರುತ್ತದೆ.

ಎರಡು, ತುಕ್ಕು. ಇದು ಇನ್ನೂ ದೊಡ್ಡ ಕಾರಣ. ಇಂದಿನ ಹೆಚ್ಚಿನ ಕಾರುಗಳ ರೇಡಿಯೇಟರ್ ಮತ್ತು ಎಂಜಿನ್ ಹೆಡ್ ಅಲ್ಯುಮಿನಿಯಂನದು. ಬೇರೆ ಬೇರೆ ಲೋಹಗಳು ಬಿಸಿ ನೀರಿನಲ್ಲಿ ಒಟ್ಟಿಗೆ ಇದ್ದಾಗ ಸವೆತ ಜೋರಾಗಿ ನಡೆಯುತ್ತದೆ. ಕೂಲಂಟ್‌ನ ರಾಸಾಯನಿಕಗಳು ಇದನ್ನು ತಡೆಯುತ್ತವೆ. ಬರೀ ನೀರಿಗೆ ಆ ಶಕ್ತಿ ಇಲ್ಲ.

ನಂಬಿಕೆ 2: ಅಂಬಾಸಿಡರ್‌ಗೆ ನೀರೇ ಹಾಕುತ್ತಿದ್ದರು, ಏನೂ ಆಗುತ್ತಿರಲಿಲ್ಲ

ಅರ್ಧ ನಿಜ. ಹಿಂದಿನ ಕಾರುಗಳಲ್ಲಿ ಎಂಜಿನ್ ಬೀಡುಕಬ್ಬಿಣದ್ದು, ರೇಡಿಯೇಟರ್ ತಾಮ್ರ-ಹಿತ್ತಾಳೆಯದು, ನೀರು ಹರಿಯುವ ದಾರಿಗಳೂ ಅಗಲ. ತುಕ್ಕು ಹಿಡಿಯುತ್ತಿತ್ತು, ಆದರೆ ತಾಳಿಕೊಳ್ಳುತ್ತಿತ್ತು. ಕಟ್ಟಿಕೊಂಡರೆ ರೇಡಿಯೇಟರ್ ಬಿಚ್ಚಿ ತೊಳೆಸಿ, ಬೆಸುಗೆ ಹಾಕಿಸಿ ಮತ್ತೆ ಓಡಿಸುತ್ತಿದ್ದರು. ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡೇ ಘಟ್ಟ ಇಳಿಯುತ್ತಿದ್ದರು ಎಂಬುದನ್ನೂ ಮರೆಯಬಾರದು. ಈಗಿನ ರೇಡಿಯೇಟರ್‌ನ ಅಲ್ಯುಮಿನಿಯಂ ನಾಳಗಳು ತೆಳು, ದಾರಿ ಕಿರಿದು. ಅಲ್ಲಿ ಸ್ವಲ್ಪ ಕೆಸರು ಕೂತರೂ ತೊಂದರೆ.

ನಂಬಿಕೆ 3: ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿದರೆ ಆಯಿತು

ನೀರು ಕಾಯಿಸುವ ಹೀಟರ್ ಕಾಯಿಲ್ ಮೇಲೆ ಬಿಳಿ ಸುಣ್ಣದ ಪದರ ಕೂತಿರುವುದನ್ನು ನೀವು ನೋಡಿರುತ್ತೀರಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಸಿಯಾದಾಗ ಹೀಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಬೋರ್ ನೀರು ಹಾಕಿದರೆ ಎಂಜಿನ್ ಒಳಗೂ ಅದೇ ಪದರ ಕೂರುತ್ತದೆ. ಈ ಪದರ ಶಾಖವನ್ನು ಸರಿಯಾಗಿ ಹೊರಬಿಡುವುದಿಲ್ಲ. ಅವಳಿ ನಗರಕ್ಕೆ ಬರುವ ಮಲಪ್ರಭಾ ನದಿಯ ನಲ್ಲಿ ನೀರು ಕುಡಿಯಲು ಸರಿ, ಆದರೆ ಅದರಲ್ಲೂ ಲವಣ ಮತ್ತು ಕ್ಲೋರಿನ್ ಇರುತ್ತದೆ. ಕೂಲಂಟ್ ಬೆರೆಸಲು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಅನ್ನೇ ಬಳಸಿ.

ದಾರಿಯಲ್ಲಿ ಕೂಲಂಟ್ ಸೋರಿ, ಹತ್ತಿರ ಬೇರೇನೂ ಸಿಗದಿದ್ದರೆ? ಎಂಜಿನ್ ತಣ್ಣಗಾದ ಮೇಲೆ ಕುಡಿಯುವ ನೀರಿನ ಬಾಟಲಿ ಸುರಿದು ಗ್ಯಾರೇಜ್ ತಲುಪಬಹುದು. ಅದು ಆ ಹೊತ್ತಿನ ಪರಿಹಾರ ಮಾತ್ರ. ಸೋರಿಕೆ ಸರಿಪಡಿಸಿ, ಆ ನೀರನ್ನು ತೆಗೆಸಿ ಹೊಸ ಕೂಲಂಟ್ ತುಂಬಿಸಬೇಕು.

ನಂಬಿಕೆ 4: ಪ್ರತಿ ಸರ್ವಿಸ್‌ಗೂ ಬದಲಿಸಬೇಕು

ಬೇಕಿಲ್ಲ. ಗ್ಲೈಕಾಲ್ ಬೇಗ ಹಾಳಾಗುವುದಿಲ್ಲ. ಖರ್ಚಾಗುವುದು ತುಕ್ಕು ತಡೆಯುವ ರಾಸಾಯನಿಕ. ಕಾಲ ಕಳೆದಂತೆ ಬಿಸಿ ಮತ್ತು ಗಾಳಿಯ ಸಂಪರ್ಕದಿಂದ ಗ್ಲೈಕಾಲ್ ಕೂಡ ಒಡೆದು ಆಮ್ಲಗಳಾಗುತ್ತದೆ, ಮಿಶ್ರಣ ಹುಳಿಯಾಗುತ್ತದೆ, ಲೋಹವನ್ನು ತಿನ್ನತೊಡಗುತ್ತದೆ. ಇದಕ್ಕೆ ಹಿಡಿಯುವ ಸಮಯ ಕೂಲಂಟ್‌ನ ಬಗೆಯ ಮೇಲೆ ನಿಂತಿದೆ.

ಸಿಲಿಕೇಟ್ ಇರುವ ಹಳೆಯ ಬಗೆಯಲ್ಲಿ ರಾಸಾಯನಿಕ ಬೇಗ ಖರ್ಚಾಗುತ್ತದೆ. ಸಾವಯವ ಆಮ್ಲಗಳ ಲವಣ ಇರುವ ಹೊಸ ಬಗೆಯಲ್ಲಿ ನಿಧಾನವಾಗಿ ಖರ್ಚಾಗುತ್ತದೆ. ಉದಾಹರಣೆಗೆ ಟೊಯೋಟಾದ ಗುಲಾಬಿ ಬಣ್ಣದ ದೀರ್ಘ ಬಾಳಿಕೆಯ ಕೂಲಂಟ್‌ಗೆ ಮೊದಲ ಬದಲಾವಣೆ 1,60,000 ಕಿ.ಮೀ.ಗೆ, ಆಮೇಲೆ ಪ್ರತಿ 80,000 ಕಿ.ಮೀ.ಗೆ. ಹೋಂಡಾದ ಹಲವು ಕಾರುಗಳಲ್ಲಿ ಮೊದಲು 2 ಲಕ್ಷ ಕಿ.ಮೀ. ಅಥವಾ 10 ವರ್ಷ, ನಂತರ 1 ಲಕ್ಷ ಕಿ.ಮೀ. ಅಥವಾ 5 ವರ್ಷ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಕಾರು ವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವವರು ಕಿ.ಮೀ. ನೋಡದೆ ವರ್ಷ ನೋಡಬೇಕು. ಹಳೆಯ ಕಾರು ಕೊಂಡಿದ್ದು, ಒಳಗೆ ಏನು ತುಂಬಿದ್ದಾರೆ ಎಂದು ಗೊತ್ತಿಲ್ಲದಿದ್ದರೆ ಒಮ್ಮೆ ಪೂರ್ತಿ ತೊಳೆಸಿ ಹೊಸದು ಹಾಕಿಸಿ, ಅಂದಿನಿಂದ ಲೆಕ್ಕ ಇಡುವುದೇ ಒಳ್ಳೆಯದು.

ನಂಬಿಕೆ 5: ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಬೆರೆಸಬಹುದು

ಬಣ್ಣ ಕಂಪನಿಗಳು ಸೇರಿಸುವ ಡೈ ಅಷ್ಟೇ. ಎಲ್ಲರೂ ಪಾಲಿಸುವ ಬಣ್ಣದ ನಿಯಮ ಇಲ್ಲ. ಒಂದೇ ಬಣ್ಣದ ಎರಡು ಕ್ಯಾನ್‌ಗಳಲ್ಲಿ ಬೇರೆ ಬೇರೆ ರಾಸಾಯನಿಕ ಇರಬಹುದು. ಹೊಂದದ ಎರಡು ಬಗೆ ಸೇರಿದರೆ ಬಾಳಿಕೆ ಕಡಿಮೆಯಾಗುತ್ತದೆ, ಕೆಲವೊಮ್ಮೆ ಲೋಳೆಯಂಥ ಗಸಿ ಕೂರುತ್ತದೆ. ಕ್ಯಾನ್ ಮೇಲೆ ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂಬ ಗುಣಮಟ್ಟದ ಗುರುತು, ನಿಮ್ಮ ಮ್ಯಾನ್ಯುಯಲ್ ಹೇಳಿದ ಬಗೆಯ ಹೆಸರು ಇದೆಯೇ ನೋಡಿ. ‘ರೆಡಿ ಟು ಯೂಸ್’ ಎಂದಿದ್ದರೆ ನೀರು ಬೆರೆಸಬೇಡಿ. ‘ಕಾನ್ಸಂಟ್ರೇಟ್’ ಎಂದಿದ್ದರೆ ಬೆರೆಸಲೇಬೇಕು. ಗ್ಲೈಕಾಲ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದೂ ಸುಳ್ಳು. ಶಾಖ ಹೊರುವುದರಲ್ಲಿ ನೀರೇ ಮುಂದು.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ತಿಂಗಳಿಗೊಮ್ಮೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಟ್ಟ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ, ಒಳಗೆ ಕಣಗಳು ತೇಲುತ್ತಿದ್ದರೆ, ಎಣ್ಣೆಯ ಜಿಡ್ಡು ಕಂಡರೆ ಅವಧಿಗೆ ಕಾಯದೆ ಗ್ಯಾರೇಜ್‌ಗೆ ಒಯ್ಯಿರಿ. ಆದರೆ ನೋಡಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಅವಧಿ ಮೀರಬೇಡಿ, ರಾಸಾಯನಿಕ ಖರ್ಚಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಟಾಪ್-ಅಪ್ ಮಾಡುತ್ತಾ ಕೂರುವುದು ಪರಿಹಾರವಲ್ಲ. ಸೋರಿಕೆಯನ್ನು ಬಿಟ್ಟರೆ ಒಂದು ದಿನ ಹೆಡ್ ಗ್ಯಾಸ್ಕೆಟ್ ಸುಟ್ಟು ದೊಡ್ಡ ಖರ್ಚು ಬರುತ್ತದೆ.

ಈ ಮೂರು ಎಚ್ಚರಿಕೆ ಮರೆಯಬೇಡಿ

* ಬಿಸಿ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ. ಒತ್ತಡ ಒಮ್ಮೆಲೇ ಇಳಿದು, 100 ಡಿಗ್ರಿ ದಾಟಿದ ದ್ರವ ಆವಿಯಾಗಿ ಮುಖ, ಕೈ ಮೇಲೆ ಚಿಮ್ಮುತ್ತದೆ. ಮೀಟರ್‌ನಲ್ಲಿ ಕೆಂಪು ದೀಪ ಹತ್ತಿದರೆ ಎಸಿ ಆರಿಸಿ, ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

* ಕೂಲಂಟ್ ವಿಷ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಅದಕ್ಕೇ ಮಕ್ಕಳು, ನಾಯಿಗಳು ನೆಕ್ಕುವ ಅಪಾಯ ಹೆಚ್ಚು. ಹೊಟ್ಟೆ ಸೇರಿದರೆ ಮೂತ್ರಪಿಂಡ ಕೆಡುತ್ತದೆ, ಜೀವವೂ ಹೋಗಬಹುದು. ಉಳಿದ ಕೂಲಂಟ್ ಅನ್ನು ತಂಪು ಪಾನೀಯದ ಬಾಟಲಿಗೆ ತುಂಬಿ ಇಡಲೇಬೇಡಿ. ಯಾರಾದರೂ ಕುಡಿದರೆ ಲಕ್ಷಣ ಕಾಣುವವರೆಗೆ ಕಾಯದೆ, ವಾಂತಿ ಮಾಡಿಸಲು ಹೋಗದೆ, ಆ ಕ್ಯಾನ್ ಸಮೇತ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಿ. ಇದಕ್ಕೆ ಔಷಧ ಇದೆ, ಬೇಗ ಕೊಟ್ಟಷ್ಟೂ ಗುಣ.

* ಹಳೆಯ ಕೂಲಂಟ್ ಅನ್ನು ಗಟಾರಕ್ಕೆ ಸುರಿಯಬೇಡಿ. ಅದರಲ್ಲಿ ಎಂಜಿನ್‌ನಿಂದ ಸವೆದ ಲೋಹಗಳೂ ಇರುತ್ತವೆ. ಗಟಾರದ ನೀರು ಕೊನೆಗೆ ನಾಲೆ, ಕೆರೆಯನ್ನೇ ಸೇರುತ್ತದೆ. ಬದಲಿಸುವ ಗ್ಯಾರೇಜ್‌ನಲ್ಲೇ ಬಿಟ್ಟು, ಡಬ್ಬಿಯಲ್ಲಿ ಸಂಗ್ರಹಿಸಲು ಹೇಳಿ.

ಒಟ್ಟಿನಲ್ಲಿ

ಮ್ಯಾನ್ಯುಯಲ್ ತೆರೆದು ನಿಮ್ಮ ಕಾರಿನ ಕೂಲಂಟ್ ಯಾವುದು, ಅವಧಿ ಎಷ್ಟು ಎಂದು ನೋಡಿ. ಕಳೆದ ಸಲ ಬದಲಿಸಿದ ದಿನಾಂಕ ಮತ್ತು ಕಿ.ಮೀ. ಅನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಸರ್ವಿಸ್‌ಗೆ ಬಿಟ್ಟಾಗ “ಕೂಲಂಟ್ ಚೇಂಜ್” ಎಂದು ಬಿಲ್‌ನಲ್ಲಿ ಬಂದರೆ ಆ ಚೀಟಿ ತೋರಿಸಿ ಯಾಕೆ ಎಂದು ಕೇಳಬಹುದು. “ನಮ್ಮ ಕಡೆ ಹಿಮಾ ಬೀಳೂದಿಲ್ಲ, ನೀರ ಸಾಕ್ರಿ” ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಬದಲು ಈ ಲೇಖನವನ್ನು ಅಲ್ಲಿ ಹಂಚಿಕೊಳ್ಳಿ.