ಪ್ಲೇಗಿನ ಕಾಲದ ಗುರು, ಪ್ರಭುತ್ವದ ಪದಕ: ಕಂಕನಾಡಿಯ ಫಾದರ್ ಆಗಸ್ಟಸ್ ಮುಲ್ಲರ್

ಸೇನೆಯ ಜೊತೆಗಿದ್ದು ಗಾಯಾಳುಗಳನ್ನು ಸಂತೈಸುವ, ಸಾಯುವವರಿಗೆ ಅಂತಿಮ ಸಂಸ್ಕಾರ ನೀಡುವ ಕ್ಯಾಥೊಲಿಕ್ ಗುರುಗಳಿಗೆ ಬ್ರಿಟಿಷ್ ಪ್ರಭುತ್ವವು ಶೌರ್ಯಪದಕ ಕೊಟ್ಟದ್ದುಂಟು. 1917ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಮಡಿದ ಐರ್ಲೆಂಡಿನ ಯೇಸುಸಭೆಯ ಗುರು ವಿಲಿಯಂ ಡಾಯ್ಲ್ ಅವರಿಗೆ ದೊರೆತಿದ್ದ ಮಿಲಿಟರಿ ಕ್ರಾಸ್ ಆ ಬಗೆಯದು. ಅದೇ ಸಭೆಗೆ ಸೇರಿದ ಜರ್ಮನ್ ಗುರು ಆಗಸ್ಟಸ್ ಮುಲ್ಲರ್ ಅವರಿಗೆ ಮಂಗಳೂರಿನಲ್ಲಿ 1907ರಲ್ಲಿ ಸಂದ ಕೈಸರ್-ಎ-ಹಿಂದ್ ಪದಕವು ಬೇರೆ ವರ್ಗದ್ದು. ವಿಕ್ಟೋರಿಯಾ ರಾಣಿ 1900ರಲ್ಲಿ ಸ್ಥಾಪಿಸಿದ ಈ ಪದಕವನ್ನು ಭಾರತದಲ್ಲಿ ಸಾರ್ವಜನಿಕ ಸೇವೆ ಸಲ್ಲಿಸಿದವರಿಗೆ ಜನಾಂಗ, ವೃತ್ತಿ, ಲಿಂಗಗಳ ಭೇದವಿಲ್ಲದೆ ಕೊಡಬಹುದಾಗಿತ್ತು. 1915ರಲ್ಲಿ ಇದನ್ನು ಪಡೆದ ಗಾಂಧೀಜಿಯವರು 1920ರಲ್ಲಿ ಬೋಯರ್ ಮತ್ತು ಜುಲು ಯುದ್ಧಗಳ ಪದಕಗಳೊಡನೆ ಹಿಂದಿರುಗಿಸಿದರೆಂಬುದು ಇಲ್ಲಿ ಸ್ಮರಣೀಯ.

ಮಂಗಳೂರು ಮಿಷನ್ನಿನ ಹೊಣೆಯನ್ನು ಪೋಪ್ ಹದಿಮೂರನೆಯ ಲಿಯೋ ಇಟಲಿಯ ಯೇಸುಸಭೆಗೆ ವಹಿಸಿದ ಮೇಲೆ, 1878ರ ಕೊನೆಯಲ್ಲಿ ಬಂದಿಳಿದ ಗುರುಗಳ ತಂಡದಲ್ಲಿ ಮುಲ್ಲರ್ ಅವರೂ ಇದ್ದರು. ಅತ್ಯಲ್ಪ ಪ್ರಮಾಣದ ಔಷಧದಿಂದ ರೋಗ ಗುಣಪಡಿಸುವುದೆಂದು ಹೇಳುವ ಹೋಮಿಯೋಪಥಿ ಪದ್ಧತಿಯನ್ನು ಬಲ್ಲ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳ ಆಶ್ರಯ, ಮುಂದೆ ಆಸ್ಪತ್ರೆ, 1902ರಲ್ಲಿ ಪ್ಲೇಗ್ ಆಸ್ಪತ್ರೆ ಅದರ ಸುತ್ತ ಬೆಳೆದವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಮನೆ ಶೋಧ, ಬಲವಂತದ ಪ್ರತ್ಯೇಕವಾಸಗಳು ಜನರನ್ನು ಸರ್ಕಾರದಿಂದ ದೂರ ತಳ್ಳಿದ ಹೊತ್ತಿನಲ್ಲಿ, ಊರಿನವರು ಇಪ್ಪತ್ತು ವರ್ಷಗಳಿಂದ ಬಲ್ಲ ಔಷಧಾಲಯದ ಗುರುವೇ ಪ್ಲೇಗಿನವರಿಗೂ ಬಾಗಿಲು ತೆರೆದದ್ದರ ಬೆಲೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. ಪದಕ ಬಂದುದು ಇದಾದ ಐದು ವರ್ಷಗಳಿಗೆ. ಆದರೆ ಸಮಾಜವೇ ಹೊರಗಿಟ್ಟಿದ್ದ ಕುಷ್ಠರೋಗಿಗಳ ನಡುವೆ ಅದಕ್ಕೂ ಮೊದಲೇ ನಡೆದುಬಂದ ದುಡಿಮೆ ಹೆಚ್ಚು ಕಠಿಣವಾದದ್ದೆಂದು ಹೇಳದಿರಲಾಗದು.

1910ರ ನವೆಂಬರ್‌ನಲ್ಲಿ ಮುಲ್ಲರ್ ತೀರಿಕೊಂಡರು. ನಾಲ್ಕೇ ವರ್ಷಗಳಲ್ಲಿ ಆರಂಭವಾದ ಮಹಾಯುದ್ಧವು ಅವರ ಹುಟ್ಟುನಾಡಿನವರನ್ನೆಲ್ಲ ಶತ್ರುಪ್ರಜೆಗಳನ್ನಾಗಿಸಿತು: ಪ್ರೊಟೆಸ್ಟಂಟ್ ಪಂಥದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು, ಅದರ ಹೆಂಚಿನ ಕಾರ್ಖಾನೆಗಳು ಸರ್ಕಾರದ ವಶವಾದವು, ಮುಂಬಯಿ ಪ್ರಾಂತದ ಜರ್ಮನ್ ಯೇಸುಸಭೆಯವರೂ ದೇಶ ಬಿಡಬೇಕಾಯಿತು. ಆದರೆ ಕಂಕನಾಡಿಯನ್ನು ನೋಡಿಕೊಳ್ಳುತ್ತಿದ್ದ ಮಿಷನ್ ಇಟಲಿಯವರದಾಗಿದ್ದು, ಆ ದೇಶ 1915ರಲ್ಲಿ ಬ್ರಿಟನ್ನಿನ ಪಕ್ಷ ಸೇರಿತ್ತು. ಪ್ರಭುತ್ವ 1907ರಲ್ಲಿ ಗೌರವಿಸಿದ ವ್ಯಕ್ತಿಯೇ ಇನ್ನೊಂದು ದಶಕ ಬದುಕಿದ್ದರೆ, ಪದಕ ಕೊಟ್ಟ ಸರ್ಕಾರಕ್ಕೇ ಶತ್ರುದೇಶದವರಾಗಿರುತ್ತಿದ್ದರು.