ಕಲ್ಲು ಒಡೆಯೋಕೆ ಡಿಗ್ರಿ ಬೇಕಾ?

ಒಂದು ಮದುವೆ ಮನೆಯ ಊಟದ ಸಾಲು. ಪಕ್ಕದಲ್ಲಿ ಕೂತಿದ್ದ ಪರಿಚಯದವರು ಮಗಳನ್ನು ತೋರಿಸಿ, ‘ಸಾರ್, ನೀವಾದರೂ ಸ್ವಲ್ಪ ಬುದ್ಧಿ ಹೇಳಿ. ಪಿಯುಸಿಲಿ ಒಳ್ಳೇ ಮಾರ್ಕ್ಸ್ ತೆಗೆದಿದ್ದಾಳೆ. ಈಗ ಜಿಯಾಲಜಿ ಓದ್ತೀನಿ ಅಂತಾಳೆ. ಕಲ್ಲು ಒಡೆಯೋಕೆ ಡಿಗ್ರಿ ಬೇಕಾ?’ ಅಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ಹುಡುಗಿ ಮಾತ್ರ ತಲೆ ಬಗ್ಗಿಸಿಕೊಂಡು ಊಟ ಮುಂದುವರಿಸಿದಳು.

ಮನೆಗೆ ಬಂದ ಮೇಲೆ ಆ ನಗು ನನ್ನನ್ನೇ ಚುಚ್ಚಿತು. ಅವತ್ತು ಹೇಳಬೇಕಿದ್ದನ್ನು ಇವತ್ತು ಹೇಳ್ತೀನಿ.

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಬ್ರಿಟಿಷರು ಮೈಸೂರು ಸಂಸ್ಥಾನದ ಗಡಿ ಅಳೆಯೋಕೆ ಶುರು ಮಾಡಿದರು. ಪೂರ್ವದ ಗಡಿಗೆ ಬಂದವನು ಲೆಫ್ಟಿನೆಂಟ್ ಜಾನ್ ವಾರೆನ್. ಕೋಲಾರದ ಕಡೆ ಮಣ್ಣಲ್ಲಿ ಚಿನ್ನ ಸಿಗುತ್ತೆ ಅನ್ನೋ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂತ ಸಾರಿದ. ಊರಿನವರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರೇ ತೊಳೆದರು. ತಳದಲ್ಲಿ ಚಿನ್ನದ ಕಣಗಳು ಹೊಳೆದವು.

ಇಲ್ಲಿ ಒಂದು ವಿಷಯ ಗಮನಿಸಿ. ಚಿನ್ನ ಇರೋದು ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. ವಾರೆನ್ ಮಾಡಿದ್ದು ಒಂದೇ ಕೆಲಸ. ಕಂಡದ್ದನ್ನು ಬರೆದಿಟ್ಟ. ಅದು ಅಚ್ಚಾಯಿತು. ಆಮೇಲೆ ದಶಕಗಳ ಕಾಲ ಧೂಳು ತಿಂತು.

1871ರ ಸುಮಾರಿಗೆ ಆ ಹಳೇ ಬರಹ ಬೆಂಗಳೂರಲ್ಲಿದ್ದ ಒಬ್ಬ ನಿವೃತ್ತ ಸೈನಿಕನ ಕೈಗೆ ಸಿಕ್ತು. ಹೆಸರು ಮೈಕಲ್ ಲ್ಯಾವೆಲ್. ಓದಿದ, ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೊರಟ. 1875ರಲ್ಲಿ ಗಣಿಗಾರಿಕೆಗೆ ಪರವಾನಗಿ ಪಡೆದ. ದುಡ್ಡು ಸಾಲದೆ ಕೈಚೆಲ್ಲಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಹರಿಯಿತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆ ಸಿಡಿದು, ಕಲ್ಲಿನ ಧೂಳು ಕುಡಿದು ಸತ್ತ ಕಾರ್ಮಿಕರನ್ನೂ ಮರೆಯೋ ಹಾಗಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಬರೆದವನೊಬ್ಬ, ಓದಿದವನೊಬ್ಬ. ಈ ಇಬ್ಬರ ನಡುವಿನ ಕೊಂಡಿ ಕಳಚಿದ್ದರೆ ಕೆಜಿಎಫ್ ಚರಿತ್ರೆಯ ದಾರಿಯೇ ಬೇರೆ ಆಗ್ತಿತ್ತೇನೋ.

ಇನ್ನು ಆ ಅಪ್ಪ ಕೇಳಿದ ಡಿಗ್ರಿಯ ಮಾತಿಗೆ ಬರೋಣ. ಅದೃಷ್ಟ ನಂಬಿಕೊಂಡು ಎಷ್ಟು ದಿನ ಅಗೆಯೋದು? ಅದಕ್ಕೇ ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನೇ ತೆರೆಯಿತು. ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಕೊಡಲಿಯನ್ನು ಗುರುತಿಸಿದ್ದು ಇದೇ ಪುಣ್ಯಾತ್ಮ. ನಮ್ಮ ಹಳೇ ಶಿಲೆಗಳ ಗುಂಪಿಗೆ ಧಾರವಾಡದ ಹೆಸರಿಟ್ಟವನೂ ಇವನೇ. ಇವತ್ತಿಗೂ ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ಧಾರವಾಡ ಇದೆ. ನಮ್ಮ ಬಾಯಲ್ಲಿ ಇರೋದು ಪೇಡಾ ಮಾತ್ರ!

ಅದೇ ಇಲಾಖೆಗೆ 1937ರಲ್ಲಿ ಸೇರಿದ ನಮ್ಮ ಬಿ.ಪಿ. ರಾಧಾಕೃಷ್ಣ ಮುಂದೆ ಅದರ ನಿರ್ದೇಶಕರಾದರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟೋದಕ್ಕೆ ಕಾರಣರಾಗಿ, ದಶಕಗಳ ಕಾಲ ಅದರ ಪತ್ರಿಕೆಯ ಸಂಪಾದಕರಾಗಿದ್ದರು. ಭೂವಿಜ್ಞಾನಿಯಾಗಿದ್ದುಕೊಂಡೇ ಟಿ.ಆರ್. ಅನಂತರಾಮು ಕಲ್ಲಿನ ಕಥೆಯನ್ನು ಕನ್ನಡದಲ್ಲಿ ಬರೆದರು. ಇವರೆಲ್ಲ ಆಧುನಿಕ ವಾರೆನ್‌ಗಳು. ಓದೋ ಲ್ಯಾವೆಲ್‌ಗಳು ಎಲ್ಲಿ?

ಬೇರೆಯವರನ್ನು ದೂರೋ ಮೊದಲು ನನ್ನ ತಪ್ಪು ಒಪ್ಪಿಕೊಳ್ತೀನಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ, ‘ಯಾಕೆ ಹೀಗಾಯ್ತು?’ ಅಂತ ಸ್ಟುಡಿಯೋದಲ್ಲಿ ಕೂಗಿದವನು ನಾನೇ. ಭೂವಿಜ್ಞಾನಿಯೊಬ್ಬರನ್ನು ಫೋನಿನಲ್ಲಿ ಹಿಡಿದೆವು. ಮಳೆನೀರು ಮಣ್ಣಿಗೆ ಇಳಿದಾಗ ಏನಾಗುತ್ತೆ, ರಸ್ತೆಗೆ ಅಂತ ಇಳಿಜಾರಿನ ಬುಡ ಕಡಿದರೆ ಏನಾಗುತ್ತೆ ಅಂತ ಅವರು ಶುರು ಮಾಡುವಷ್ಟರಲ್ಲಿ ಬ್ರೇಕ್ ತಗೊಂಡೆ. ಮತ್ತೆ ಫೋನ್ ಮಾಡಲೇ ಇಲ್ಲ.

ಯಾವ ಗುಡ್ಡ ಜಾರುತ್ತೆ, ಎಲ್ಲಿ ಬೋರ್‌ವೆಲ್ ಕೊರೆದರೆ ನೀರು, ಎಲ್ಲಿ ಬರೀ ಧೂಳು, ಸುರಂಗ ಎಲ್ಲಿ ಕೊರೆಯಬಹುದು, ಅಣೆಕಟ್ಟಿನ ತಳ ಗಟ್ಟಿ ಇದೆಯಾ – ಇದೆಲ್ಲ ಹೇಳೋದು ಭೂವಿಜ್ಞಾನಿಯ ಕೆಲಸ. 1851ರಲ್ಲಿ ಶುರುವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈಗಲೂ ಇದೆ. ಕೇಂದ್ರ ಅಂತರ್ಜಲ ಮಂಡಳಿ ಇದೆ. ಇವಕ್ಕೆ ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆಯನ್ನೇ ನಡೆಸುತ್ತೆ. ಐಎಎಸ್ ಕೋಚಿಂಗ್ ಬೋರ್ಡು ಬೀದಿಬೀದಿಯಲ್ಲಿ ಕಾಣುತ್ತೆ. ಈ ಪರೀಕ್ಷೆಯ ಹೆಸರು ಎಷ್ಟು ಅಪ್ಪಂದಿರಿಗೆ ಗೊತ್ತು?

ಹಾಗಾಗಿ ಆ ಅಪ್ಪನಿಗೆ ನನ್ನ ಉತ್ತರ ಇಷ್ಟೇ. ಸ್ವಾಮಿ, ಕಲ್ಲು ಒಡೆಯೋಕೆ ಡಿಗ್ರಿ ಬೇಡ. ಕಲ್ಲನ್ನು ಓದೋಕೆ ಬೇಕು. ಈ ಭಾನುವಾರ ಮಗಳನ್ನು ಲಾಲ್‌ಬಾಗ್‌ಗೆ ಕರ್ಕೊಂಡು ಹೋಗಿ. ಕೆಂಪೇಗೌಡರ ಗೋಪುರ ನಿಂತಿರೋ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಹತ್ತಿ, ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಇಳಿಯೋ ಮೊದಲು ಅಲ್ಲಿರೋ ಫಲಕವನ್ನು ಮಗಳ ಕೈಲಿ ಓದಿಸಿ. ಅವಳು ಅರ್ಥ ಹೇಳ್ತಾಳೆ. ಕೇಳಿಸಿಕೊಳ್ಳಿ. ನಾನು ತಗೊಂಡ ಹಾಗೆ ಮಧ್ಯದಲ್ಲಿ ಬ್ರೇಕ್ ತಗೋಬೇಡಿ.